ಕಾಲು ಕಳಚುವ ಪ್ಯಾಂಟು

ಕನಸು ಕಾಣುವ ದರ್ಜಿಯ ಅಂಗಡಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದು ವಾರ ಏನೂ ನಡೆಯದಿದ್ದರೆ ನನ್ನ ಹೆಂಡತಿಯೇ, "ಯಾಕ್ರಿ, ಮೈಯಾಗ ಆರಾಮಿಲ್ಲೇನು?" ಎಂದು ಕೇಳುತ್ತಾಳೆ.

ರಾಣೇಬೆನ್ನೂರಿನಲ್ಲಿ ನನ್ನದು ಒಂದೇ ಮಷಿನ್ನಿನ ಅಂಗಡಿ. ಕಾಲು ದಿನವಿಡೀ ತುಳಿಯುತ್ತದೆ, ಊರು ಮಾತ್ರ ಅಲ್ಲೇ ಇರುತ್ತದೆ. ಇಷ್ಟು ವರ್ಷ ತುಳಿದದ್ದನ್ನೆಲ್ಲ ಉದ್ದಕ್ಕೆ ಹಾಸಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದೆನೋ ಎಂದು ಯೋಚಿಸುತ್ತ ಎಷ್ಟೋ ಅಂಗಿಗಳ ತೋಳು ಅದಲು ಬದಲು ಮಾಡಿದ್ದೇನೆ.

ಊರಿಗೆ ಮೊಬೈಲು ಆಗಷ್ಟೇ ಬಂದಿದ್ದ ದಿನಗಳವು. ಹಾವೇರಿಯ ಹೈಸ್ಕೂಲೊಂದರ ಭೂಗೋಳದ ಮಾಸ್ತರರು ಒಂದು ಚಿತ್ರ ಹಿಡಿದುಕೊಂಡು ಬಂದರು. ಬೆಟ್ಟ ಕಾಡು ಸುತ್ತುವವರ ಪ್ಯಾಂಟು. ಒಂಬತ್ತು ಕಿಸೆ. ಮೊಣಕಾಲಿನ ಸುತ್ತ ಜಿಪ್ಪು, ಎಳೆದರೆ ಕೆಳಗಿನ ಕಾಲು ಕಳಚಿ ಚಡ್ಡಿಯಾಗುತ್ತದೆ. ಪಾದದ ಹತ್ತಿರ ಬಿಗಿಯಲು ಲಾಡಿ.

"ಮುಳ್ಳಿಗೆ ಹರೀಬಾರದು, ಕಲ್ಲಿಗೆ ಸವೀಬಾರದು. ಐರಣಿಯಿಂದ ಹೊಳಿ ದಂಡಿ ಹಿಡದು ಗಳಗನಾಥದ ತನಕ ನಡಿಯಾಂವ ಅದೇನಿ. ವರದಾ ಬಂದು ತುಂಗಭದ್ರಾಕ್ಕ ಕೂಡೂದನ್ನ ನಡಕೊಂತ ಹೋಗಿ ನೋಡಬೇಕು. ನೀವೂ ಬರ್ರಿ," ಎಂದರು.

ನನಗೆ ಯಾರೂ ಎಲ್ಲಿಗೂ "ನೀವೂ ಬರ್ರಿ" ಅಂದಿರಲಿಲ್ಲ. ಆಸೆ ಹುಟ್ಟಿಬಿಟ್ಟಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ಬಸ್‌ಸ್ಟ್ಯಾಂಡಿಗೆ ಹೋಗಾಕ ಆಟೋ ಕರೀತೀರಿ. ಗಳಗನಾಥಕ್ಕ ನಡಕೊಂತ ಹೋಗ್ತೀರಿ?" ಎಂದಳು. ಬೇಡ ಎನ್ನಲಿಲ್ಲ, ಹ್ಞೂಂ ಎನ್ನಲೂ ಇಲ್ಲ. ಅವಳ ಹ್ಞೂಂ ಇಲ್ಲದೆ ನಾನು ಊರ ಗಡಿ ದಾಟಿದವನಲ್ಲ.

ತಾನೇ ನಿಂತದ್ದು

ಹರಿಯಬಾರದು ಅಂದರಲ್ಲ, ಲಾರಿಗೆ ಹೊದಿಸುವ ತಾಡಪತ್ರಿಯ ಬಟ್ಟೆ ತಂದೆ. ಮೂರು ಸಾಲು ಹೊಲಿಗೆ ಹಾಕಿದೆ. ಪ್ಯಾಂಟು ಎಷ್ಟು ಗಟ್ಟಿಯಾಯಿತೆಂದರೆ ನೇತುಹಾಕುವ ಕೆಲಸವೇ ಇಲ್ಲ, ನೆಲದ ಮೇಲೆ ತಾನೇ ನಿಂತಿತು. ಬಟ್ಟೆ ತೊಟ್ಟು ನೋಡುವ ಮೂಲೆಯಲ್ಲಿ ಪರದೆಯ ಹಿಂದೆ ನಿಲ್ಲಿಸಿ ನಾನು ಚಹಾಕ್ಕೆ ಹೋದೆ.

ತಿರುಗಿ ಬಂದರೆ ಐರಣಿಯ ಕಡೆಯ ರೈತರೊಬ್ಬರು ಹೊಸ ಅಂಗಿ ಕೈಯಲ್ಲಿ ಹಿಡಿದು ಪರದೆಯ ಮುಂದೆ ನಿಂತಿದ್ದರು. ಪರದೆಯ ಕೆಳಗೆ ಪ್ಯಾಂಟಿನ ಎರಡು ಕಾಲು ಕಾಣುತ್ತಿದ್ದವು.

"ಅರ್ಧಾ ತಾಸಾತ್ರಿ, ಒಳಗಿನವ್ರು ಹೊರಗ ಬರವಲ್ರು. ಮಾತಾಡಿಸಿದ್ರ ಮಾತೂ ಆಡವಲ್ರು. ಭಾಳ ಸೊಕ್ಕಿನ ಮನಷಾ ಕಾಣ್ತಾನ," ಎಂದರು.

ಮಾಸ್ತರರು ಅದನ್ನು ತೊಟ್ಟು ಹಾವೇರಿಯ ಬಸ್ಸು ಹತ್ತಿದರು. ಮರುದಿನ ಬಂದು, "ಸೀಟು ಖಾಲಿ ಇದ್ರೂ ನಿಂತಕೊಂಡ ಹೋದ್ನಿ. ಕುಂದ್ರಾಕ ಬರವಲ್ದು," ಎಂದರು.

ನಾನು ಅಂದೆ: "ನಡಿಯಾಕ ಅಂದಿದ್ರಿ ಸರ್. ಕುಂದ್ರೂ ಸುದ್ದಿ ತಗದಿದ್ದಿಲ್ಲ."

ಒಂಬತ್ತನೆಯ ಕಿಸೆ

ಎರಡನೆಯದನ್ನು ದಪ್ಪ ಖಾಕಿ ಬಟ್ಟೆಯಲ್ಲಿ ಹೊಲಿದೆ. ಇದರಲ್ಲಿ ಕೂರಲು ಬರುತ್ತಿತ್ತು. ಆದರೆ ಬಸ್ಸಿನಲ್ಲಿ ಟಿಕೆಟು ತಪಾಸಣೆಯವರು ಬಂದಾಗ ಮಾಸ್ತರರಿಗೆ ಟಿಕೆಟು ಯಾವ ಕಿಸೆಯಲ್ಲಿದೆ ಎಂಬುದು ಮರೆತಿತ್ತು. ಒಂದೊಂದೇ ಗುಂಡಿ ಬಿಚ್ಚಿ ಹುಡುಕಿದರು. ಒಂದರಲ್ಲಿ ಬಣ್ಣದ ಸೀಮೆಸುಣ್ಣ, ಒಂದರಲ್ಲಿ ಶೇಂಗಾ, ಇನ್ನೊಂದರಲ್ಲಿ ಮಡಚಿದ ಏಷ್ಯಾ ಖಂಡದ ನಕಾಶೆ. ತಪಾಸಣೆಯವರು ಶೇಂಗಾ ತಿನ್ನುತ್ತ ಕಾದರು. ಎಂಟು ಕಿಸೆ ಮುಗಿಯುವುದರೊಳಗೆ ಹಾವೇರಿ ಬಂತು.

"ಟಿಕೀಟು ಇರ್ಲಿ ಬಿಡ್ರಿ," ಎಂದರಂತೆ ಅವರು, "ಈ ಪ್ಯಾಂಟು ಎಲ್ಲಿ ಹೊಲಿಸೀರಿ, ಅದನ್ನ ಹೇಳ್ರಿ."

ಮದುಮಗನ ಮೊಣಕಾಲು

ಆಮೇಲೆ ನನಗೂ ಒಂದು ಹೊಲಿದುಕೊಳ್ಳಲು ಕೂತೆ. ಮಷಿನ್ನಿನ ಸದ್ದು ನಿಧಾನವಾಗಿ ಹೊಳೆಯ ಸದ್ದಾಗುತ್ತಿತ್ತು. ಸೂಜಿಯ ಮುಂದೆ ಹರಿಯುವ ಬಟ್ಟೆಯೇ ನೀರು, ನಾನು ದಂಡೆಯ ಮೇಲೆ ನಡೆಯುತ್ತಿದ್ದೇನೆ, ಆಚೆ ದಡದಲ್ಲಿ ಎಮ್ಮೆಗಳು ಮುಳುಗಿ ಕೂತಿವೆ, ದೂರದಲ್ಲಿ ಗಳಗನಾಥದ ಗುಡಿಯ ಶಿಖರ ಮಂಜಿನಲ್ಲಿ ತೇಲುತ್ತಿದೆ. ಆ ಸುಖ ಬಹಳ ಹೊತ್ತು ಇತ್ತು.

ಮೂರು ದಿನದ ಮೇಲೆ ನೋಡಿದರೆ ನನ್ನ ಪ್ಯಾಂಟಿಗೆ ತಂದಿಟ್ಟ ಜಿಪ್ಪುಗಳು ಕಾಣಲಿಲ್ಲ. ಹೊಲಿದದ್ದು ಯಾವುದಕ್ಕೆ ಎಂದು ಆಗ ನೆನಪಾಯಿತು. ಅದು ಹಾವೇರಿಯ ಗಿರಾಕಿಯೊಬ್ಬನ ಮದುವೆಯ ಪ್ಯಾಂಟು. ಆಗಲೇ ಇಸ್ತ್ರಿಯಾಗಿ ಹೋಗಿತ್ತು, ಮದುವೆ ಅಂದೇ ಇತ್ತು.

ಓಡಿದೆ. ಬಸ್ಸು ಹಿಡಿದು ಹಾವೇರಿ ಮುಟ್ಟುವಷ್ಟರಲ್ಲಿ ಮದುವೆಯ ಹಂದರದಲ್ಲಿ ಹೆಣ್ಣಿನ ತಂದೆ ತಂಬಿಗೆ ಹಿಡಿದು ಅಳಿಯನ ಪಾದ ತೊಳೆಯಲು ಕೂತಿದ್ದರು. ಮದುಮಗ ಪ್ಯಾಂಟು ಮೇಲೆ ಮಡಚಲು ಬಗ್ಗಿದ. ಕೈಗೆ ಜಿಪ್ಪು ಸಿಕ್ಕಿತು, ಎಳೆದ, ಕಾಲು ಕಳಚಿ ಕೈಗೆ ಬಂತು. ಅವನು ಒಂದು ಗಳಿಗೆ ಯೋಚಿಸಿ ಇನ್ನೊಂದನ್ನೂ ಎಳೆದ. ಪಾದ ತೊಳೆದದ್ದಾಯಿತು, ಒರೆಸಿದ್ದಾಯಿತು, ಒಂದು ಹನಿ ಬಟ್ಟೆಗೆ ತಾಗದಂತೆ ಎರಡೂ ಕಾಲು ಮತ್ತೆ ಸೇರಿದವು. ನಾನು ಕಂಬದ ಹಿಂದಿನಿಂದಲೇ ತಿರುಗಿ ಬಂದೆ.

ಮುಂದಿನ ವಾರ ಮದುಮಗನ ತಮ್ಮ ಅಂಗಡಿಗೆ ಬಂದಾಗ ಬೈಸಿಕೊಳ್ಳಲು ಸಿದ್ಧನಾಗಿ ಎದ್ದು ನಿಂತೆ. ಅವನು ಅಂದದ್ದು ಇಷ್ಟೇ: "ನನಗೂ ಅಂಥಾದ ಒಂದು ಹೊಲೀರಿ. ಕನ್ಯಾ ನೋಡಾಕ ಸುರು ಮಾಡ್ಯಾರ."

ಬ್ಯಾಡಗಿಯಿಂದ ಕಾಗಿನೆಲೆಗೆ

ಅಂತೂ ನನ್ನ ಪ್ಯಾಂಟೂ ಸಿದ್ಧವಾಯಿತು. ಹೆಂಡತಿ ಒಂದು ಪರೀಕ್ಷೆ ಇಟ್ಟಳು. "ನನ್ನ ತಮ್ಮನ ಮನಿಯಿಂದ ಕಾಗಿನೆಲೆಗೆ ನಡದು ತೋರಸ್ರಿ. ನಾನು ಹಿಂದ ಮಧ್ಯಾನದ ಬಸ್ಸಿಗೆ ಬರ್ತೇನಿ. ನಾ ಇಳಿಯೂದರಾಗ ನೀವು ಅಲ್ಲಿರಬೇಕು. ಗಾಡಿ ಹತ್ತಿದ್ರ ಗಳಗನಾಥದ ಹೆಸರು ಎತ್ತಬಾರದು."

ಅವಳ ತಮ್ಮನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಹಿಂದಿನ ದಿನವೇ ಹೋದೆವು. ಹೊಸ ಬಟ್ಟೆ ಮೆತ್ತಗಾಗಲಿ ಎಂದು ತೊಳೆದು, ಕಾಲುಗಳನ್ನು ಬೇರೆ ಮಾಡಿ ಹಿತ್ತಲಲ್ಲಿ ಒಣಗಲು ಹಾಕಿದೆ. ಬೆಳಿಗ್ಗೆ ನೋಡಿದರೆ ಎರಡೂ ಕಾಲು ಬಾಗಿಲ ಹತ್ತಿರ ದುಂಡಗೆ ನಿಂತಿದ್ದವು. ಮೈತುಂಬ ಮೆಣಸಿನಕಾಯಿ. ಕೆಳಗೆ ಲಾಡಿ ಬಿಗಿದಿತ್ತು.

"ಅಯ್ಯ, ಚೀಲಾ ಅಂತ ತಿಳಕೊಂಡ್ನಿರಿ ಅಣ್ಣಾರ!" ಎಂದಳು ತಮ್ಮನ ಹೆಂಡತಿ. ಅವಳ ತವರು ಕಾಗಿನೆಲೆ, ಅಲ್ಲಿಗೆ ಕಳಿಸಲು ತುಂಬಿದ್ದಳು. "ಎಷ್ಟ್ ಗಟ್ಟಿ ಚೀಲಾ ಅಂತ ರಾತ್ರೆಲ್ಲಾ ಹೊಗಳೇನಿ."

ಸುರುವಿ, ಝಾಡಿಸಿ, ಜಿಪ್ಪು ಏರಿಸಿಕೊಂಡೆ. "ಏನೂ ಆಗೂದಿಲ್ಲ ಮಾವಾರ," ಎಂದ ಹೆಂಡತಿಯ ತಮ್ಮ. "ಬ್ಯಾಡಗಿ ಕಾಯಿ ಬರೇ ಬಣ್ಣ. ಖಾರ ಎಲ್ಲೈತಿ?"

ಮೊದಲ ಒಂದು ತಾಸು ಎಂಥ ಸುಖ! ಎಳೆಬಿಸಿಲು, ಎರಡೂ ಕಡೆ ಹೊಲ, ಬೇವಿನ ಮರದ ನೆರಳು, ಹಕ್ಕಿಯ ದನಿ. ನನ್ನ ಕಾಲು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮುಂದೆ ಹೋಗುತ್ತಿದ್ದವು. ಕಣ್ಣಲ್ಲಿ ನೀರು ಬಂತು. ಆಮೇಲೆ ಬಿಸಿಲೇರಿ ಬೆವರು ಬಂತು. ಬೆವರಿನ ಹಿಂದೆಯೇ ಖಾರವೂ ಬಂತು.

ಜಿಪ್ಪು ಎಳೆದೆ. ಹಲ್ಲುಗಳ ನಡುವೆ ಮೆಣಸಿನ ಬೀಜ ಸಿಕ್ಕಿಕೊಂಡು ಜಪ್ಪಯ್ಯ ಎನ್ನಲಿಲ್ಲ. ರಸ್ತೆಯಲ್ಲಿ ಪೂರ್ತಿ ಪ್ಯಾಂಟು ಬಿಚ್ಚುವಂತಿಲ್ಲ. ಹರಿಯೋಣವೆಂದು ಎರಡೂ ಕೈಯಿಂದ ಜಗ್ಗಿದೆ. ನಾನೇ ಹಾಕಿದ ಮೂರು ಸಾಲು ಹೊಲಿಗೆ, ಒಂದು ಎಳೆಯೂ ಬಿಡಲಿಲ್ಲ. ಒಂದು ಟೆಂಪೋ ನಿಂತು, "ಹತ್ರಿ ಯಜಮಾನ್ರ, ಯಾಕ ಹಿಂಗ ಓಡಾಕತ್ತೀರಿ?" ಎಂದಿತು. ಗಳಗನಾಥ ಕಣ್ಣ ಮುಂದೆ ಬಂತು. "ವಾಕಿಂಗ್ ರೀ!" ಎಂದು ಕೂಗಿ ಅದಕ್ಕಿಂತ ಮುಂದೆ ಓಡಿದೆ.

ಹೆಂಡತಿ ಬಸ್ಸಿಳಿದಾಗ ನಾನು ನಿಲ್ದಾಣದಲ್ಲಿರಲಿಲ್ಲ. ಸೋತರು ಎಂದುಕೊಂಡಳಂತೆ. ಯಾರೋ ಕೆರೆಯ ಕಡೆ ಕೈ ತೋರಿಸಿದರು. ನಾನು ನಡುಮಟ್ಟ ನೀರಿನಲ್ಲಿ ನಿಂತು ಆಕಾಶ ನೋಡುತ್ತಿದ್ದೆ.

"ಯಾವಾಗ ಬಂದ್ರಿ?"

"ತಾಸಾತು."

"ಗಾಡಿ?"

"ಹತ್ತಿಲ್ಲ. ಕೂತೂ ಇಲ್ಲ. ನಿಂತೂ ಇಲ್ಲ."

ಮೇಲೆ ಬಂದೆ. ನೀರಿಗೆ ಬೀಜ ಸರಿದಿತ್ತೋ ಏನೋ, ಜಿಪ್ಪು ಈಗ ಸರಕ್ಕನೆ ಬಂತು. ಕಾಲೆರಡೂ ಮೊಣಕಾಲಿನಿಂದ ಕೆಳಗೆ ಕುಂಕುಮದ ಬಣ್ಣ. ಅವಳು ನೋಡಿದಳು, ನಕ್ಕಳು, ನಗು ತಡೆಯಲಾಗದೆ ಕೆರೆಯ ಮೆಟ್ಟಿಲ ಮೇಲೆ ಕೂತಳು.

"ಈಗರ ಹೇಳು," ಎಂದೆ. "ಗಳಗನಾಥಕ್ಕ ಹೋಗ್ಲೇನು?"

ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ಹೋಗಿ ಬರ್ರಿ. ಮೆಣಸಿನಕಾಯಿ ನಾನ ತುಂಬಿ ಕೊಡ್ತೇನಿ."