ಹಸುವನ್ನು ನೋಡಿಕೊಂಡಷ್ಟೂ ತಮ್ಮನ್ನು ನೋಡಿಕೊಳ್ಳದವರು

ಇಪ್ಪತ್ತು ವರ್ಷದಿಂದ ಮದ್ದೂರು, ಮಳವಳ್ಳಿ ಕಡೆ ನರ್ಸ್ ಆಗಿದ್ದೇನೆ. ಹೆಂಗಸರ ಕ್ಯಾನ್ಸರ್ ತಪಾಸಣೆ ಶಿಬಿರ ಅಂತ ಬ್ಯಾನರು ಕಟ್ಟಿದ ಕಡೆಯೆಲ್ಲ ಹೆಂಗಸರನ್ನು ಬಿಟ್ಟು ಮಿಕ್ಕವರೆಲ್ಲ ತಪ್ಪದೆ ಬರುತ್ತಾರೆ. ಹೋದ ವರ್ಷ ಭಾರತೀನಗರದ ಹತ್ತಿರದ ಒಂದು ಹಳ್ಳಿಯಲ್ಲಿ ಆದದ್ದನ್ನು ಹೇಳಿದರೆ ಸಾಕು.

ಉದ್ಘಾಟನೆ

ಫ್ಲೆಕ್ಸಿನಲ್ಲಿ ಹದಿನಾಲ್ಕು ಮುಖ, ಎಲ್ಲಕ್ಕೂ ಮೀಸೆ. ಹತ್ತಕ್ಕೆ ಶುರುವಾಗಬೇಕಿದ್ದ ತಪಾಸಣೆ ಮುಖ್ಯ ಅತಿಥಿಗಾಗಿ ಹನ್ನೆರಡೂವರೆವರೆಗೆ ಕಾಯಿತು. ಅವರು ಬಂದು, ಪೇಟ ಹಾಕಿಸಿಕೊಂಡು, "ಈ ಕಾಯಿಲೆಯಲ್ಲಿ ತಡ ಮಾಡಲೇಬಾರದು" ಎಂದು ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟರಲ್ಲಿ ಅರ್ಧ ಹೆಂಗಸರು ಹುಲ್ಲು ಕುಯ್ಯೋಕೆ ಎದ್ದುಹೋಗಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಚಪ್ಪಾಳೆ ತಟ್ಟಿದೆ, ಸರ್ಕಾರಿ ಕೆಲಸ ನೋಡಿ.

ಯಜಮಾನರು

ಉಳಿದವರಲ್ಲಿ ಮೊದಲು ಬಂದಾಕೆಗೆ ಐವತ್ತರ ಹತ್ತಿರ. ಜೊತೆಗೆ ಗಂಡ.

"ಗರ್ಭಕೋಶದ ಬಾಯಿ ಪರೀಕ್ಷೆ ಮಾಡಬೇಕಮ್ಮ. ಮುಟ್ಟು ನಿಂತು ಎಷ್ಟು ದಿನ ಆಯ್ತು?" ಎಂದು ಆಕೆಯನ್ನು ಕೇಳಿದೆ.

"ಎಲ್ಡು ವರ್ಸ ಆಯ್ತು ಕಣಮ್ಮ," ಅಂದ ಗಂಡ.

"ಎದೇಲಿ ಗಂಟು ಗಿಂಟು?"

"ಅವ್ಳಿಗೇನು ರೋಗ ಬುಡಿ. ಗುಂಡ್ಕಲ್ಲಂಗವ್ಳೆ," ಅಂತ ಮತ್ತೆ ಅವನೇ.

ನಾನು ಪರದೆ ಸರಿಸಿ, "ಎಲ್ಲಾ ನೀವೇ ಹೇಳ್ತಿದ್ದೀರಿ, ಬನ್ನಿ, ಮಂಚದ ಮೇಲೂ ನೀವೇ ಮಲಗಿ" ಎಂದೆ. ಆತ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ.

ಹಸು ಡಾಕ್ಟರು

ನೋಡಿದರೆ ಆಕೆಯ ಎಡ ಎದೆಯಲ್ಲಿ ಗಟ್ಟಿ ಗಂಟು.

"ಉಗಾದಿಯಿಂದ್ಲೂ ಅದೆ. ನೋವಿಲ್ವಲ್ಲ ಅಂತ ಸುಮ್ನಾದೆ," ಎಂದಳು. ಆಗಲೇ ಗಣೇಶನ ಹಬ್ಬ ಮುಗಿದಿತ್ತು. ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು.

"ಹಸು ಕೆಚ್ಚಲಲ್ಲಿ ಗಂಟು ಕಂಡ್ರೂ ಹಿಂಗೇ ಸುಮ್ನಿರ್ತೀರಾ?"

"ಎಲ್ಲಾದ್ರೂ ಉಂಟಾ? ದಿನಾ ಎಲ್ಡೊತ್ತೂ ಮುಟ್ಟಿ ನೋಡ್ತೀನಿ. ಓದ್ ತಿಂಗ್ಳು ಚೂರು ಗಟ್ಟಿ ಆಗಿದ್ದಕ್ಕೆ ಅವತ್ತೇ ನಮ್ಮೆಜಮಾನ್ರು ಡಾಕ್ಟ್ರ ಕರ್ಕಂಡ್ ಬಂದ್ರು. ಮೂಕಪ್ರಾಣಿ, ಅದ್ಕೆ ಮಾತು ಬತ್ತದಾ?"

"ನಿಮಗೆ ಬರುತ್ತಲ್ಲಮ್ಮ."

"ಬತ್ತದೆ. ನಮ್ಮೆಜಮಾನ್ರು ಬುಟ್ರೆ ತಾನೆ?"

ಡೇರಿ ಮುಂದೆ

ಮಂಡ್ಯದಲ್ಲಿ ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರೇ ಅಂತಾಯಿತು. ಪುಣ್ಯಕ್ಕೆ ಹರಡಿರಲಿಲ್ಲ. ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಬೆಳೆಯಿತು.

ಈ ವರ್ಷ ಶಿಬಿರಕ್ಕೆಂದು ಅದೇ ಊರಿಗೆ ಬೆಳಿಗ್ಗೆಯೇ ಹೋದೆ. ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಹೆಂಗಸರನ್ನೆಲ್ಲ ಆಕೆ ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದಳು: "ಕೆಚ್ಲು ನೋಡ್ದ್ಯಾ? ನಿಂದು ನೋಡ್ಕಂಡ್ಯಾ?" ಪೇಟವಿಲ್ಲ, ಭಾಷಣವಿಲ್ಲ, ಆದರೂ ಅವತ್ತು ಶಿಬಿರದಲ್ಲಿ ಕುರ್ಚಿ ಸಾಲಲಿಲ್ಲ.

ಆಕೆ ನನ್ನನ್ನೂ ಬಿಡಲಿಲ್ಲ. "ನೀವು ಯಾವಾಗ ಮಾಡಿಸ್ಕಂಡ್ರಿ, ಸಿಸ್ಟರಮ್ಮ?"

"ನನಗೆಲ್ಲಿ ಪುರುಸೊತ್ತು? ನೋವು ಗೀವು ಏನಿಲ್ಲ ಬಿಡಿ," ಅಂದುಬಿಟ್ಟೆ.

ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಆಕೆ ತನ್ನ ಕ್ಯಾನು ಕೆಳಗಿಟ್ಟು, ಹಾಲು ಹಾಕಲು ಜೊತೆಗೆ ಬಂದಿದ್ದ ಗಂಡನ ಕಡೆ ತಿರುಗಿದಳು.

"ಕೇಳುದ್ರಾ, ಆ ಹಸು ಡಾಕ್ಟ್ರಿಗೆ ಒಂದು ಫೋನ್ ಮಾಡಿ. ಸಿಸ್ಟರಮ್ಮಂಗೂ ನೋವಿಲ್ವಂತೆ."