ಕೇದಗೆಗೊಂದು ಸಾಕ್ಷಿ

ಎಲ್ಲ ಶುರುವಾದದ್ದು ಅಮರೇಶನ ಅಂಗಿಯ ತೋಳಿಗೆ ಬಿದ್ದ ಒಂದೇ ಒಂದು ಹನಿಯಿಂದ.

ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬೊಂದರಲ್ಲಿ ಅವನು ಎರಡು ವರ್ಷ ಒದ್ದಾಡಿದ್ದ. ಕೇದಗೆ ಗಿಡ ತನ್ನೊಳಗೆ ಪರಿಮಳವನ್ನು ಹೇಗೆ ಹಂತಹಂತವಾಗಿ ಮಾಡಿಕೊಳ್ಳುತ್ತದೋ, ಅದೇ ಹಂತಗಳನ್ನು ಗಾಜಿನ ಬುರುಡೆಯಲ್ಲಿ ನಡೆಸಿದ್ದ. ಹೂವಿಲ್ಲದೆ ಹೂವಿನ ಘಮ! ಇವತ್ತು ಮಧ್ಯಾಹ್ನ ಊದುಬತ್ತಿ ಕಾರ್ಖಾನೆಯ ಪಂಚಾಕ್ಷರಿಯವರು ಮೂಸಿ ಹೂಂ ಅಂದರೆ ಅವನ ಕೆಲಸ ಖಾಯಂ. ಉಹೂಂ ಅಂದರೆ ಮನೆಗೆ.

ತೋಳಿಗೆ ಬಿದ್ದ ಆ ಘಮದ ಹನಿಯೊಂದಿಗೇ ಊಟಕ್ಕೆಂದು ಹೆಬ್ಬಗೋಡಿಯ ಬಾಡಿಗೆ ಮನೆಗೆ ಬಂದ. ಓನರ್ ನಾಗಲಕ್ಷ್ಮಮ್ಮ ಮೆಟ್ಟಿಲಲ್ಲೇ ಮೂಗರಳಿಸಿದರು.

“ಅಯ್ಯಯ್ಯೋ! ಕೇದಗೆ ತಂದ್ಯೇನಪ್ಪಾ? ಈ ವಾಸ್ನೆಗೆ ಆವು ಬತ್ತದೆ ಕಣೋ!”

“ಹೂವಲ್ಲಮ್ಮಾ, ಲ್ಯಾಬಲ್ಲಿ ಮಾಡಿದ್ದು.”

“ನಂಗೇ ಯೋಳ್ತೀಯಾ? ನನ್ ಮದ್ವೇಲಿ ಕೇದಗೆ ಜಡೆ ಆಕಿದ್ರು. ಕಾಡಪ್ಪಾ, ಬಾರೋ!”

ಪಕ್ಕದ ಮನೆಯ ಕಾಡಪ್ಪ ದೊಣ್ಣೆ ಹಿಡಿದು ಬಂದ. ಎದುರು ಮನೆಯ ಸುಮಂಗಲಾ ಹಾವು ಬಾರದಿರಲೆಂದು ಮೆಟ್ಟಿಲಿಗೆಲ್ಲ ಬೆಳ್ಳುಳ್ಳಿ ನೀರು ಸುರಿದಳು. ಅದರಲ್ಲಿ ಜಾರಿದ ಕಾಡಪ್ಪ ದೊಣ್ಣೆ ಸಮೇತ ಅಮರೇಶನ ಮೇಲೆ ಬಿದ್ದ. ಅಮರೇಶ ಏಳುವಷ್ಟರಲ್ಲಿ ಅವನ ಹಾಸಿಗೆ, ಬಕೆಟ್ಟು, ಕುಕ್ಕರು ಬೀದಿಗೆ ಬಂದಿದ್ದವು.

“ಮೊದ್ಲು ಮನೆ ಕಾಲಿ ಮಾಡು!”

ಬೇರೆ ಯಾರಾದರೂ ಅತ್ತುಬಿಡುತ್ತಿದ್ದರು. ಅಮರೇಶನಿಗೆ ಮಾತ್ರ ಖುಷಿಯೋ ಖುಷಿ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ? ಮೊಬೈಲ್ ಹಿಡಿದು, “ಅಮ್ಮಾ, ಇನ್ನೊಂದ್ಸಲ ಹೇಳಿ” ಅಂದ.

“ನನ್ ಮಕ್ಳಾಣೆ, ಇದು ಅಸಲಿ ಕೇದಗೇನೇ!” ಎಂದು ನಾಗಲಕ್ಷ್ಮಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದರು.

ಆಫೀಸಿನಲ್ಲಿ ಆ ವಿಡಿಯೊ ನೋಡಿ ಬಾಸ್ ಶಿವಶಂಕರ್ “ಸಕ್ಕತ್ ಗುರು!” ಎಂದು ಬೆನ್ನು ತಟ್ಟಿದರು. ಹಣೆ ತುಂಬ ವಿಭೂತಿ ಧರಿಸಿದ್ದ ಪಂಚಾಕ್ಷರಿಯವರು ಮಾತ್ರ ಅದನ್ನು ನೋಡಿ, ಮೂಸಲೆಂದು ಎತ್ತಿದ ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟರು.

“ನಮ್ಮ ಊದಿನಕಡ್ಡಿ ಹೋಗೋದೆಲ್ಲ ಶಿವನ ಗುಡಿಗಳಿಗ್ರಿ. ಶಿವಗ ಕೇದಗಿ ಏರಿಸಂಗಿಲ್ಲ. ನೀವು ಲ್ಯಾಬಿಂದು ಅಂದ್ರಿ, ಡೂಪ್ಲಿಕೇಟ್ ಇದ್ರ ದೋಷ ಇಲ್ಲ ಅಂತ ಬಂದಿದ್ದೆ.”

ಅಮರೇಶ ಹಣೆ ಚಚ್ಚಿಕೊಂಡ. ಅವನೂ ಶಿವಭಕ್ತರ ಮನೆಯವನೇ. ಎರಡು ವರ್ಷದಲ್ಲಿ ಒಂದು ದಿನವೂ ಇದು ತಲೆಗೆ ಹೊಳೆದಿರಲಿಲ್ಲ.

“ಸಾರ್, ಇದು ಡೂಪ್ಲಿಕೇಟೇ! ಆಣೆ ಮಾಡ್ತೀನಿ!”

“ಗಿಡ ಮಾಡಿದಂಗ ಮಾಡೀನಿ ಅಂತ ನೀವೇ ಹೇಳೀರಿ. ಆ ತಾಯಿ ಮಕ್ಕಳ ಆಣಿ ಮಾಡ್ಯಾರ. ಇನ್ನ ಬ್ಯಾಡ್ರಿ.”

ಶಿವಶಂಕರ್ ಕೈ ಚಾಚಿ ಅಮರೇಶನ ಐಡಿ ಕಾರ್ಡ್ ಇಸಿದುಕೊಂಡರು. ಹೊರಟಿದ್ದ ಪಂಚಾಕ್ಷರಿಯವರು ಹುಡುಗನ ಮುಖ ನೋಡಿ ಹಿಂದಿರುಗಿದರು. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು.

“ಬ್ಯಾಸರ ಮಾಡ್ಕೋಬ್ಯಾಡ್ರಿ ತಮ್ಮಾ. ಸ್ವಲ್ಪ ಕೆಟ್ಟದಾಗಿ ಮಾಡಿದ್ರ ಇವತ್ತೇ ಆರ್ಡರ್ ಕೊಡ್ತಿದ್ದೆ.”