ತುಕ್ಕು ಚಕ್ರಕ್ಕೊಂದು ಆಯುಧಪೂಜೆ

ಲಂಡನ್ನಿಗೆ ಬಂದ ನೆಂಟರನ್ನು ಎಲ್ಲರೂ ಅರಮನೆ ನೋಡಲು ಕರೆದೊಯ್ದರೆ, ನಮ್ಮ ಚಿಕ್ಕಮ್ಮ ಕರೆದೊಯ್ಯುವುದು ಹೊಗೆಯಾಡದ ಚಿಮಣಿ ನೋಡಲು! ಗ್ರೀನ್‌ಫರ್ಡಿನ ಅವಳ ಮನೆಯಲ್ಲಿ ಕಾಫಿ ಕುಡಿದ ತಪ್ಪಿಗೆ ಮುರುಕು ಗಿರಣಿ, ಪಾಚಿಗಟ್ಟಿದ ಕಾಲುವೆ, ಸೂರಿಲ್ಲದ ಇಟ್ಟಿಗೆ ಗೂಡು ಎಲ್ಲ ಸುತ್ತಬೇಕು. ಈಚೆಗೆ ನೆಂಟರು ಕುಶಲವನ್ನು ಫೋನಿನಲ್ಲೇ ಕೇಳಿ ಮುಗಿಸುತ್ತಾರೆ.

ಚರ್ಚಾಕೂಟಗಳಲ್ಲಿ ನಾಲಿಗೆ ಮಸೆದವಳು ನಾನು, ಸುಮ್ಮನೆ ಸುತ್ತುತ್ತೇನೆಯೇ?

"ನಮ್ಮ ಹತ್ತಿ ಒಯ್ದು, ನೇಯ್ದು, ನಮಗೇ ಮಾರಿದ ಯಂತ್ರಗಳು ಚಿಕ್ಕಮ್ಮ! ಇವಕ್ಕೆ ಟಿಕೆಟ್ ಬೇರೆ!"

"ಇದು ನೀರೆತ್ತೋದು ಕಣೇ, ಹತ್ತಿಗೇನು ಸಂಬಂಧ? ನಡಿ."

ಇದೇನು ವಾದವೇ? ಬರೀ ತಳ್ಳಾಟ!

ಈ ಸಲದ ಆಯುಧಪೂಜೆಯ ದಿನ ಊರಂಚಿನ ಹಳೇ ಪಂಪ್‌ಹೌಸಿಗೆ ಎಳೆದೊಯ್ದಳು. ಒಳಗೆ ಮನೆಯೆತ್ತರದ ಕಬ್ಬಿಣದ ಚಕ್ರ. ಚಿಕ್ಕಮ್ಮನ ಬ್ಯಾಗಿನಿಂದ ಹೊರಬಂದದ್ದು ಕುಂಕುಮದ ಭರಣಿ, ಸೇವಂತಿಗೆ, ಪುರಿ!

"ಮನೇಲಿ ಮಿಕ್ಸಿ ಇಲ್ವಾ? ಅದಾದರೂ ತಿರುಗುತ್ತೆ. ಈ ಸೋಮಾರಿಗೆ ಪೂಜೆಯಾ?"

"ಮಿಕ್ಸಿಗೆ ಬೆಳಿಗ್ಗೇನೇ ಆಯ್ತು. ನನ್ನ ಬೆಲ್ಟಿಗೆ ಎಲ್ಲಿ ಮಾಡ್ಲಿ, ಹೇಳು?"

ಬಿಸ್ಕತ್ತು ಕಾರ್ಖಾನೆಯ ಬೆಲ್ಟು. ಈ ದೇಶಕ್ಕೆ ಬಂದಂದಿನಿಂದ ಅದರ ಪಕ್ಕ ನಿಂತು ಪೊಟ್ಟಣ ಕಟ್ಟಿದವಳು. ವರ್ಷ ವರ್ಷ ಅದರ ಹಿಡಿಗೆ ಕುಂಕುಮ ಇಡುವಾಗ ಮೇಲ್ವಿಚಾರಕಿ ಕಿಟಕಿಯಾಚೆ ನೋಡುತ್ತಿದ್ದಳಂತೆ.

"ಕಾರ್ಖಾನೆ ಕೆಡವಿ ಫ್ಲ್ಯಾಟ್ ಕಟ್ಟಿದ್ರು. ಒಂದು ಇಟ್ಟಿಗೆ ಉಳಿದಿದ್ರೂ ಅದಕ್ಕೇ ಇಡ್ತಿದ್ದೆ. ಹೋಗ್ಲಿ, ಲಿಫ್ಟಿಗಾದರೂ ಇಡೋಣ ಅಂತ ಹೋದೆ, ಒಳಗೇ ಬಿಡಲಿಲ್ಲ."

ಅಷ್ಟರಲ್ಲಿ ಅಲ್ಲಿನ ಸ್ವಯಂಸೇವಕ ಬಂದ. ಬಿಳಿ ಗಡ್ಡ, ಎದೆ ತುಂಬ ಬ್ಯಾಡ್ಜು. "ಕ್ಷಮಿಸಿ ಮೇಡಂ, ಮುಟ್ಟುವ ಹಾಗಿಲ್ಲ." ಚಿಕ್ಕಮ್ಮ ತೆರೆದ ಭರಣಿಯ ಮುಚ್ಚಳವನ್ನು ಮತ್ತೆ ಬಿಗಿಯತೊಡಗಿದಳು. ನನ್ನನ್ನು ಊರೆಲ್ಲ ತಳ್ಳಿಕೊಂಡು ಬಂದವಳು ಒಂದೇ ಮಾತಿಗೆ ಹಿಂದೆ ಸರಿಯುವುದೆ?

"ಸರ್, ಈ ಯಂತ್ರದಿಂದ ಊರಿಗೆ ಒಳ್ಳೇದಾಯ್ತು ಅನ್ನೋದಕ್ಕೆ ಏನು ಆಧಾರ?" ಎಂದೆ.

ಆತನ ಮುಖ ಅರಳಿತು. ಇಂಥ ಪ್ರಶ್ನೆಗೆ ಎಷ್ಟು ಕಾಲದಿಂದ ಕಾದಿದ್ದನೋ! ಕಾಲುವೆ ತೋರಿಸಲು ನನ್ನನ್ನು ಕಿಟಕಿಗೆ ಕರೆದೊಯ್ದ. ಆತ ಹೌದೆಂದದ್ದಕ್ಕೆಲ್ಲ ನಾನು ಅಲ್ಲವೆಂದೆ. ಬೆನ್ನ ಹಿಂದೆ ಚಿಕ್ಕಮ್ಮನ ಬಳೆಯ ಸದ್ದು ನಿಲ್ಲುವವರೆಗೂ ಸೋಲೊಪ್ಪಲಿಲ್ಲ. ತಿರುಗಿ ನೋಡಿದರೆ ಚಕ್ರದ ಬುಡದಲ್ಲಿ ಎಳ್ಳಿನಷ್ಟು ಕೆಂಪು.

ಹೊರಗೆ ಬಂದವಳೇ ಚಿಕ್ಕಮ್ಮ ನನ್ನ ಗಲ್ಲ ಹಿಡಿದು ಬಾಯಿಗೆ ಒಂದು ಹಿಡಿ ಪುರಿ ತುರುಕಿದಳು. "ನಿನ್ನ ಆಯುಧಕ್ಕೂ ನೈವೇದ್ಯ ಆಗ್ಬೇಕಲ್ವೇನೇ?"

ಇದನ್ನು ಖಂಡಿಸಲು ನನ್ನ ಬಳಿ ಅಂಶಗಳಿದ್ದವು. ಬಾಯಿ ತುಂಬ ಪುರಿಯಿತ್ತು.